ಅಧ್ಯಕ್ಷೆಯ ಡಿಜಿಟಲ್ ಸಹಿ ಅಧ್ಯಕ್ಷೆಯ ಬಳಿಯೇ ಇರಲಿ

ಮಾನ್ಯರೇ,

ಗ್ರಾಮ ಪಂಚಾಯಿತಿಗಳಲ್ಲಿ ಶೇ 50ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಆದರೆ ನಮ್ಮ ಕಲಬುರಗಿ, ಯಾದಗಿರಿ ಭಾಗದ ಕೆಲವೆಡೆ ಅಧ್ಯಕ್ಷೆಯ ಡಿಜಿಟಲ್ ಸಹಿಯ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸಿ ಸಹಿ ಮಾಡುವ ಪುಟ್ಟ ಸಾಧನ) ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್ ಮೇಜಿನ ಖಾನೆಯಲ್ಲೋ, ಪತಿಯ ಜೇಬಿನಲ್ಲೋ ಇರುತ್ತದೆ.

ಪಂಚಾಯಿತಿಗಳ ಲೆಕ್ಕ, ಪಾವತಿಯ ಆನ್‌ಲೈನ್ ವ್ಯವಸ್ಥೆಯಾದ ಇ-ಗ್ರಾಮಸ್ವರಾಜ್‌ನಲ್ಲಿ ಒಬ್ಬರು ಪಾವತಿ ಸಿದ್ಧಪಡಿಸಬೇಕು, ಮತ್ತೊಬ್ಬರು ಪರಿಶೀಲಿಸಿ ಸಹಿ ಮಾಡಬೇಕು. ಇಬ್ಬರ ಡಾಂಗಲ್ ಕೂಡ ಒಬ್ಬರದೇ ಕೈ ಸೇರಿದರೆ ಪರಿಶೀಲನೆಯೇ ಇಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಡಿಜಿಟಲ್ ಸಹಿಯ ಖಾಸಗಿ ಕೀಲಿಯನ್ನು ಜೋಪಾನ ಮಾಡುವ ಹೊಣೆ ಸಹಿದಾರರದ್ದೇ. ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬಂದರೆ ಉತ್ತರ ಕೊಡಬೇಕಾದವರೂ ಅವರೇ.

ವೇದಿಕೆ ಭಾಷಣದ ತರಬೇತಿ ಇದಕ್ಕೆ ಸಾಲದು. ಅಧ್ಯಕ್ಷೆಯನ್ನೇ ಕಂಪ್ಯೂಟರ್ ಮುಂದೆ ಕೂರಿಸಿ, ಡಾಂಗಲ್‌ನ ಮೂಲ ಪಿನ್ ಬದಲಿಸುವುದನ್ನು ಮೊದಲು ಕಲಿಸಬೇಕು. ಪಿನ್ ಬರೆದ ಚೀಟಿಯನ್ನು ಡಾಂಗಲ್‌ಗೇ ಅಂಟಿಸುವ ರೂಢಿ ನಿಲ್ಲಲಿ. ಪದೇ ಪದೇ ತಪ್ಪು ಪಿನ್ ಒತ್ತಿದರೆ ಅದು ಲಾಕ್ ಆಗುತ್ತದೆ ಎಂಬುದೂ ತಿಳಿದಿರಲಿ. ನೋಂದಣಿಯಲ್ಲಿ ಅವರದೇ ಮೊಬೈಲ್ ಸಂಖ್ಯೆ ಇರಬೇಕು, ಇಲ್ಲದಿದ್ದರೆ ಒಟಿಪಿ ಬೇರೆಯವರ ಪಾಲು. ಸಹಿಗೆ ಮುನ್ನ ಹಣ ಪಡೆಯುವವರ ಹೆಸರು, ಮೊತ್ತ, ಕಾಮಗಾರಿ ಈ ಮೂರನ್ನೂ ಬಿಲ್ಲಿನೊಂದಿಗೆ ತಾಳೆ ನೋಡಬೇಕು. ಓದು ಬಾರದವರಿಗೆ ಸ್ವಸಹಾಯ ಸಂಘದ ಓದುಬಲ್ಲ ಸದಸ್ಯೆ ಜೊತೆಗಿದ್ದು ಓದಿ ಹೇಳಲಿ. ಡಾಂಗಲ್ ಕಳೆದರೆ ಡಿಜಿಟಲ್ ಸಹಿಯ ಪ್ರಮಾಣಪತ್ರವನ್ನು ಕೂಡಲೇ ರದ್ದುಪಡಿಸಬೇಕು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಟ್ಟಡಗಳಷ್ಟೇ ಮುತುವರ್ಜಿಯಿಂದ ಈ ತರಬೇತಿಗೂ ಅನುದಾನ ಕೊಡಲಿ. ಅಧಿಕಾರ ವಹಿಸಿಕೊಂಡ ಮೊದಲ ತಿಂಗಳಲ್ಲೇ, ತಾಲ್ಲೂಕು ಮಟ್ಟದಲ್ಲಿ, ಆಡುಮಾತಿನಲ್ಲಿ ಅದು ನಡೆಯಲಿ.

— ಓದುಗರು, ಸುರಪುರ, ಯಾದಗಿರಿ ಜಿಲ್ಲೆ