ಹುಡುಗನ ಕಡೆಯವರು ಕೇಳಿದರೆ

ಅಮ್ಮಾ,

ನಾನು ಚೆನ್ನಾಗಿದ್ದೇನೆ. ಅಪ್ಪ, ಪುಟ್ಟಿ, ಅತ್ತೆ ಎಲ್ಲರೂ ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ. ನಿನ್ನ ಪತ್ರ ಮೊನ್ನೆ ಬಂತು.

ಸ್ಪೇನಿನ ನಿರ್ದೇಶಕ ಅಲ್ಮೊಡೋವಾರನ 'ಆಲ್ ಅಬೌಟ್ ಮೈ ಮದರ್' ಸಿನಿಮಾ ನೋಡು ಅಂದಿದ್ದು ನಾನಿರುವ ಬಾರ್ಸಿಲೋನಾ ಹೇಗಿದೆ ಅಂತ ಕಾಣಲಿ ಅಂತ. ಟ್ಯಾಕ್ಸಿಯಲ್ಲಿ ಹೋಗುವಾಗ ಸಗ್ರಾದಾ ಫಮೀಲಿಯಾ ಚರ್ಚ್ ಬರುತ್ತಲ್ಲ, ಅದಕ್ಕೆ. ನೀನು ಚರ್ಚ್ ಒಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ನೋಡಿದ್ದೀಯ! ಬಸುರಿ ಸನ್ಯಾಸಿನಿ, ಹೆಣ್ಣಾಗಿ ಬದುಕುವ ಅಪ್ಪ. "ನೀನೂ ಇಂಥವರ ಜೊತೆಗೇ ಇದ್ದೀಯಾ? ಹುಡುಗನ ಕಡೆಯವರು ಕೇಳಿದರೆ ಏನು ಹೇಳಲಿ?" ಅಂತ ಬರೆದಿದ್ದೀಯ.

ಅದರಲ್ಲಿನ ತಾಯಿ ಮನುವೆಲಾಳನ್ನು ಸರಿಯಾಗಿ ನೋಡಿದೆಯಾ? ಆಸ್ಪತ್ರೆಯಲ್ಲಿ ಅಂಗದಾನದ ಕೆಲಸ ನೋಡಿಕೊಳ್ಳುವವಳು. ಮಗನ ಹದಿನೇಳನೇ ಹುಟ್ಟುಹಬ್ಬದ ರಾತ್ರಿ ಅವನೇ ಕಾರಿಗೆ ಸಿಕ್ಕಿ, ಅವನ ಹೃದಯ ಕೊಡುವ ಕಾಗದಕ್ಕೆ ಅವಳೇ ಸಹಿ ಹಾಕಬೇಕಾಗುತ್ತದೆ. ಆ ಬಸುರಿ ಸನ್ಯಾಸಿನಿ ರೋಸಾಗೆ ಬಾರ್ಸಿಲೋನಾದಲ್ಲೇ ಹೆತ್ತಮ್ಮ ಇದ್ದಾಳೆ. ಆದರೂ ಹಾಸಿಗೆ ಹಿಡಿದಾಗ ಮನುವೆಲಾ ಮನೆಗೇ ಬರುತ್ತಾಳೆ. ನನಗೆ ಗಂಟಲು ಕಟ್ಟಿದ್ದು ಅಲ್ಲಿ. ಕೊನೆಯ ಅಕ್ಷರ ಬರುವ ಹೊತ್ತಿಗೆ ನೀನು ಟಿವಿ ಆರಿಸಿರುತ್ತೀಯ. ಅಲ್ಮೊಡೋವಾರ್ ಸಿನಿಮಾವನ್ನು ತನ್ನ ತಾಯಿಗೂ ಅರ್ಪಿಸಿದ್ದಾನೆ. 1999ರದ್ದು, ಆಸ್ಕರ್ ಬಂದಿದೆ. ಅತ್ತೆಗೆ ಅದನ್ನೂ ಹೇಳು.

ನಮ್ಮ ಮನೆಯಲ್ಲಿ ಸನ್ಯಾಸಿನಿ ಯಾರೂ ಇಲ್ಲ. ಆದರೆ ಪಕ್ಕದ ಕೋಣೆಯ ಇಬ್ಬರು ಅಣ್ಣತಮ್ಮ ಅಂತ ನೀನು ಅಂದುಕೊಂಡಿದ್ದೀಯ, ನಾನೂ ಸುಮ್ನಿದ್ದೆ. ಅಲ್ಲ ಅಮ್ಮ, ಅವರಿಬ್ಬರೂ ಒಬ್ಬರನ್ನೊಬ್ಬರು ಮದುವೆಯಾಗಿದ್ದಾರೆ. ಇಲ್ಲಿ 2005ರಿಂದ ಅದಕ್ಕೆ ಕಾನೂನೇ ಇದೆ. ಫೆಬ್ರವರಿಯಲ್ಲಿ ನಾನು ಮೆಟ್ಟಿಲಲ್ಲಿ ಜಾರಿ ಮಣಿಕಟ್ಟಿಗೆ ಸಣ್ಣ ಬಿರುಕು ಬಂದಿತ್ತು (ಏನಿಲ್ಲ, ಪೂರ್ತಿ ವಾಸಿಯಾಗಿದೆ, ಬಿಂದಿಗೆ ಬೇಕಾದರೂ ಎತ್ತುತ್ತೇನೆ). ಮೂರು ವಾರ ನನ್ನ ತಲೆ ಬಾಚಿದ್ದು ಅವರಲ್ಲಿ ದೊಡ್ಡವನು. ಮೂರು ಎಳೆ ಅಂತ ಎಷ್ಟು ಸಲ ಹೇಳಿದರೂ ಎರಡೇ ಎಳೆ ಹಿಡಿದು ಹಗ್ಗದ ಹಾಗೆ ಹೊಸೆಯುತ್ತಿದ್ದ. ಹಾಗೇ ಕೆಲಸಕ್ಕೂ ಹೋದೆ.

ಇನ್ನೊಂದು ವಿಚಿತ್ರ. ಇಲ್ಲಿ ಹೆಂಗಸರು ಮದುವೆಯಾದರೂ ಹೆಸರು ಬದಲಿಸುವುದಿಲ್ಲ. ಎಲ್ಲರಿಗೂ ಎರಡು ಮನೆತನದ ಹೆಸರು, ಒಂದು ಅಪ್ಪನದು, ಒಂದು ಅಮ್ಮನದು. ಕಚೇರಿಯಲ್ಲಿ "ನಿಮ್ಮ ಎರಡನೆಯದು ಎಲ್ಲಿ?" ಅಂತ ಕೇಳಿದರು. ನಿನ್ನ ತವರಿನ ಹೆಸರು ಬರೆಸಿಬಿಡೋಣ ಅನ್ನಿಸಿತು.

ಹುಡುಗನ ಕಡೆಯವರಿಗೆ ಇದ್ದದ್ದನ್ನೇ ಹೇಳು. ಅದಕ್ಕೇ ಬೇಡ ಅಂದರೆ ಬಿಡಲಿ. ನಾನು ಊಟ ಮಾಡ್ತಿದ್ದೇನೆ, ನಿದ್ದೆ ಮಾಡ್ತಿದ್ದೇನೆ, ದುಡ್ಡಿದೆ, ಜ್ವರ ಇಲ್ಲ, ಏನೂ ಇಲ್ಲ. ಸುಮ್ನೆ ಚಿಂತೆ ಮಾಡಬೇಡ.

ಕೆಳಗೆ ಬೆಲ್ ಹೊಡೀತಿದೆ, ಇಬ್ಬರೂ ಮತ್ತೆ ಕೀ ಮರೆತಿದ್ದಾರೆ. ಅಪ್ಪನಿಗೆ ಮಣಿಕಟ್ಟಿನ ವಿಷಯ ಹೇಳಬೇಡ.

ನಿನ್ನ ಮಗಳು