ಆಕಾಶದವ್ರು ನಮಗಿಂತ ದೊಡ್ಡವ್ರೇ?

ಸಂಪಾದಕರಿಗೆ ನಮಸ್ಕಾರ,

ಭಾನುವಾರದ ಪುರವಣೀಲಿ ಬಂದ ಏಲಿಯನ್ ಲೇಖನ ಓದ್ದೆ. ಚೆನ್ನಾಗಿತ್ತು, ಆದ್ರೆ ಟೆಲಿಸ್ಕೋಪ್ ಬಂದ್ಮೇಲೇ ಜನ ಬೇರೆ ಲೋಕದ ಜೀವಿಗಳ ಬಗ್ಗೆ ತಲೆ ಕೆಡಿಸ್ಕೊಂಡಿದ್ದು ಅನ್ನೋ ಥರ ಬರ್ದಿದ್ದು ಸರಿ ಕಾಣ್ಲಿಲ್ಲ. ಗ್ರೀಸಿನ ತತ್ವಜ್ಞಾನಿ ಮೆಟ್ರೊಡೋರಸ್ ಅನ್ನೋನು ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ, ಅಷ್ಟು ದೊಡ್ಡ ಹೊಲದಲ್ಲಿ ಗೋಧಿದು ಒಂದೇ ತೆನೆ ಬೆಳೀತು ಅನ್ನೋದು ಎಷ್ಟು ವಿಚಿತ್ರಾನೋ, ಇಷ್ಟು ಆಕಾಶಕ್ಕೆ ಒಂದೇ ಲೋಕ ಅನ್ನೋದೂ ಅಷ್ಟೇ ವಿಚಿತ್ರ ಅಂತ ಹೇಳಿದ್ದ. ಹಾಗಂತ ಎಲ್ಲಾ ನಮ್ಮ ಪುರಾಣದಲ್ಲೇ ಇತ್ತು ಅನ್ನೋ ವಾಟ್ಸಾಪ್ ಪಾರ್ಟಿ ನಾನಲ್ಲ.

ನಮ್ದು ಜೈನ ಮನೆ. ಜಂಬೂದ್ವೀಪಕ್ಕೆ ಎರಡು ಸೂರ್ಯ ಎರಡು ಚಂದ್ರ, ಗ್ರಹ ನಕ್ಷತ್ರ ಎಲ್ಲದ್ರಲ್ಲೂ ಜ್ಯೋತಿಷ್ಕ ದೇವರು ವಾಸ ಮಾಡ್ತಾರೆ ಅಂತ ತಾತ ಹೇಳಿದ್ನ ನಾನು ಮೂರನೇ ಕ್ಲಾಸಲ್ಲಿ ಎದ್ದು ನಿಂತು ಹೇಳಿ, ಇಡೀ ಕ್ಲಾಸು ನಕ್ಕು, ಮನೆಗೆ ಬಂದು ತಾತನ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ. ವಿಜ್ಞಾನ ಅಲ್ಲ, ಒಪ್ಪಿದೆ. ಆದ್ರೆ ತಾತ ಇನ್ನೊಂದು ಹೇಳ್ತಿದ್ರು: ಆ ದೇವರಿಗೆ ಎಷ್ಟೇ ಆಯಸ್ಸು ಸುಖ ಇರ್ಲಿ, ಅಲ್ಲಿಂದ ಸೀದಾ ಮೋಕ್ಷ ಇಲ್ಲ, ಮನುಷ್ಯರಾಗಿ ಹುಟ್ಲೇಬೇಕು.

ಈಗ ಮಂಗಳದ ಕಥೆ ನೋಡಿ. 1877ರಲ್ಲಿ ಇಟಲಿಯ ಖಗೋಳ ವಿಜ್ಞಾನಿ ಸ್ಕಿಯಾಪರೆಲ್ಲಿ ಅಲ್ಲಿ ಗೆರೆಗಳನ್ನ ಕಂಡು ‘ಕನಾಲಿ’ ಅಂದ. ಅವ್ರ ಭಾಷೇಲಿ ಅದು ಹಳ್ಳಾನೂ ಆಗುತ್ತೆ, ನಾಲೇನೂ ಆಗುತ್ತೆ. ಇಂಗ್ಲಿಷಿಗೆ ಹೋಗೋ ಹೊತ್ತಿಗೆ ಬರೀ ನಾಲೆ ಆಯ್ತು, ನಾಲೆ ಅಂದ್ಮೇಲೆ ತೋಡಿದವ್ರು ಬೇಕಲ್ಲ! (ಮಂಡ್ಯದವ್ರನ್ನ ಕೇಳಿದ್ರೆ ಹಳ್ಳ ಯಾವ್ದು ನಾಲೆ ಯಾವ್ದು ಅಂತ ಹೇಳಿರೋರು.) ಅಮೆರಿಕದ ಲೋವೆಲ್ 1894ರಲ್ಲಿ ಅರಿಜೋನಾದಲ್ಲಿ ಸ್ವಂತ ದುಡ್ಡಲ್ಲಿ ವೀಕ್ಷಣಾಲಯ ಕಟ್ಟಿಸಿ, ಒಣಗ್ತಿರೋ ಗ್ರಹಕ್ಕೆ ಧ್ರುವದ ಹಿಮದಿಂದ ನೀರು ಹರಿಸೋ ಮಹಾ ಬುದ್ಧಿವಂತ್ರು ಅಲ್ಲಿದ್ದಾರೆ ಅಂತ ಪುಸ್ತಕಾನೇ ಬರ್ದ. ಅದಕ್ಕಿಂತ ಮಜಾ, 1900ರಲ್ಲಿ ಪ್ಯಾರಿಸಲ್ಲಿ ಬೇರೆ ಗ್ರಹದವ್ರನ್ನ ಮಾತಾಡ್ಸಿ ಉತ್ತರ ತರೋರಿಗೆ 1 ಲಕ್ಷ ಫ್ರಾಂಕ್ ಬಹುಮಾನ ಇಟ್ರು, ಮಂಗಳ ಮಾತ್ರ ಲೆಕ್ಕಕ್ಕಿಲ್ಲ ಅಂದ್ರು, ಅದು ತೀರಾ ಸುಲಭ ಅಂತೆ. 1965ರಲ್ಲಿ ಅಮೆರಿಕದ ಮ್ಯಾರಿನರ್ 4 ನೌಕೆ ಮಂಗಳದ ಫೋಟೋ ಕಳ್ಸಿದಾಗ ಕಂಡಿದ್ದು ಬರೀ ಗುಂಡಿಗಳು.

ಎರಡೂ ಕಲ್ಪನೇನೇ. ಆದ್ರೆ ಮಂಗಳದ ಕಥೇಲಿ ಮೇಲಿನವ್ರು ನಮಗಿಂತ ಮುಂದೆ, ತಾತನ ಕಥೇಲಿ ಮೋಕ್ಷ ಬೇಕಂದ್ರೆ ಅವ್ರೇ ಇಲ್ಲಿಗೆ ಬರ್ಬೇಕು. ಲೇಖನದಲ್ಲಿ ಈ ವ್ಯತ್ಯಾಸಾನೇ ಬಿಟ್ಟೋಯ್ತು. ಮುಂದಿನ ಭಾಗ ಹಾಕೋದಾದ್ರೆ ಇದಕ್ಕೊಂದು ಕಾಲಂ ಜಾಗ ಕೊಡಿ, ಚಿತ್ರ ಬಿಡಿಸೋರಿಗೂ ಹೇಳಿ, ಆ ಹಸಿರು ಬೋಳುತಲೆ ಸಾಕು.

ನಿಮ್ಮ ಹಳೇ ಓದುಗ, ಹಾಸನ