ಮ್ಯೂಟ್‌ನಲ್ಲಿದ್ದವಳನ್ನೂ ಲೆಕ್ಕಕ್ಕೆ ಹಿಡಿದವರಿಗೆ

ನನ್ನ ಅಕ್ಕಂದಿರಿಗೆ, ತಂಗಿಯರಿಗೆ ಯೇಸುವಿನ ಹೆಸರಿನಲ್ಲಿ ವಂದನೆ.

ಫೆಬ್ರವರಿ 28ಕ್ಕೆ ನನ್ನ 15ನೇ ರೇಡಿಯೇಶನ್ ಮುಗಿಯಿತು. ಅದೇ ಕೊನೆಯದು. ಸ್ತನ ಕ್ಯಾನ್ಸರ್‌ಗೆ ಕಳೆದ ಜುಲೈನಲ್ಲಿ ಆಪರೇಷನ್, ಆಮೇಲೆ ಮೂರು ವಾರಕ್ಕೊಂದರಂತೆ 4 ಕೀಮೊ, ಅದಾದ ಮೇಲೆ ವಾರಕ್ಕೊಂದರಂತೆ 12. ಎಲ್ಲಾ ಆಯಿತು, ದೇವರಿಗೆ ಸ್ತೋತ್ರ. ದೇವರು ನಡೆಸಿದ್ದನ್ನು ಸಾಕ್ಷಿಯಾಗಿ ಹೇಳು ಅಂತ ನೀವೆಲ್ಲ ಕೇಳುತ್ತಲೇ ಇದ್ದೀರಿ. ಬಾಯಲ್ಲಿ ಹೇಳಹೋದರೆ ಅಳು ಬರುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

2020ರ ಲಾಕ್‌ಡೌನ್‌ನಲ್ಲಿ ಚರ್ಚುಗಳ ಬಾಗಿಲು ಮುಚ್ಚಿದಾಗ ಶುರುವಾದ ಗುಂಪು ನಮ್ಮದು. ರಾತ್ರಿ 9ಕ್ಕೆ ಎಲ್ಲರೂ ಫೋನಿನಲ್ಲಿ ಸೇರಿ ಬೈಬಲ್‌ನ ಒಂದು ಕೀರ್ತನೆ ಓದಿ, ಪ್ರಾರ್ಥನೆ ಮಾಡಿ ಮಲಗುವುದು, ಅಷ್ಟೇ. ಚರ್ಚ್ ತೆರೆದ ಮೇಲೆ ನಿಂತುಹೋಗುತ್ತೆ ಅಂದುಕೊಂಡಿದ್ದೆ. ನಿಲ್ಲಲಿಲ್ಲ. ಧಾರವಾಡ, ಬೆಟಗೇರಿ, ಮಂಗಳೂರು, ಬೆಂಗಳೂರು, ಎಲ್ಲಾ ಕಡೆಯವರೂ ಉಳಿದುಕೊಂಡರು. ಕುವೈತ್‌ನ ನರ್ಸ್ ತಂಗಿಗೆ ಆಗಿನ್ನೂ ಸಂಜೆ 6:30. ಡ್ಯೂಟಿ ಮುಗಿಸಿ ಬಸ್ಸಿನಿಂದಲೇ ಸೇರುತ್ತಾಳೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನವರು, ಮೆಥಡಿಸ್ಟರು, ಕ್ಯಾಥೊಲಿಕರು, ಪೆಂಟೆಕೋಸ್ಟ್ ಸಭೆಯವರು. ಒಬ್ಬರ ಪ್ರಾರ್ಥನೆ ಎರಡೇ ಸಾಲು, ಇನ್ನೊಬ್ಬರದು ಹತ್ತು ನಿಮಿಷ.

ಕಾಯಿಲೆ ಗೊತ್ತಾದಾಗ ನನಗೆ ಪ್ರಾರ್ಥನೆಯೇ ಬರದಂತಾಯಿತು. ಸಂಡೇ ಸ್ಕೂಲ್‌ನಲ್ಲೇ ಬೆಳೆದವಳು ನಾನು. ಆದರೂ "ಕರ್ತನೇ" ಅಂತ ಶುರು ಮಾಡಿದರೆ ಮುಂದೆ ಮಾತೇ ಇಲ್ಲ. ಆಪರೇಷನ್ ಆದ ವಾರ ನೋಡಲು ಬಂದವರೊಬ್ಬರು, "ಮನಸ್ಸಲ್ಲಿ ಏನಾದ್ರೂ ಪಾಪ ಉಳಿಸ್ಕೊಂಡಿದ್ದೀಯಾ ನೋಡ್ಕೋಮ್ಮಾ" ಅಂದರು. ಆ ಮಾತು ಹೊಲಿಗೆಗಿಂತ ಜಾಸ್ತಿ ನೋಯಿತು. ಅವತ್ತು ರಾತ್ರಿ ನಾನು ಗುಂಪಿಗೆ ಬರಲಿಲ್ಲ. ಮರುದಿನವೂ ಇಲ್ಲ.

ಮೂರನೇ ದಿನ ಧಾರವಾಡದ ಅಕ್ಕ ಫೋನ್ ಮಾಡಿದರು. "ನೀ ಏನೂ ಮಾತಾಡಬ್ಯಾಡ. ಮ್ಯೂಟ್ ಮಾಡ್ಕೊಂಡು ಸುಮ್ನ ಮಲ್ಕೋ. ನಾವು ಪ್ರಾರ್ಥನಾ ಮಾಡ್ತೀವಿ, ನೀ ಬಂದ್ರ ಸಾಕು."

ಹಾಗೇ ಮಾಡಿದೆ. ದಿಂಬಿನ ಪಕ್ಕ ಫೋನ್ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದೆ. ಎಷ್ಟೋ ರಾತ್ರಿ ನೀವು ಯಾವಾಗ ಆಮೆನ್ ಅಂದಿರೋ ನನಗೆ ಗೊತ್ತಿಲ್ಲ, ಅಷ್ಟರಲ್ಲಿ ನಿದ್ದೆ. ಏಳು ತಿಂಗಳಲ್ಲಿ ಒಬ್ಬರೂ "ಇವತ್ತು ನೀನು ಪ್ರಾರ್ಥಿಸು" ಅನ್ನಲಿಲ್ಲ. ಮಾರ್ಕನ ಸುವಾರ್ತೆ 2ನೇ ಅಧ್ಯಾಯದಲ್ಲಿ ನಾಲ್ಕು ಜನ ಚಾವಣಿ ತೆಗೆದು ಇಳಿಸಿದ ಆ ಪಾರ್ಶ್ವವಾಯು ರೋಗಿ ಒಂದು ಮಾತೂ ಆಡುವುದಿಲ್ಲ, ಅಲ್ವಾ? ಯೇಸು "ಅವರ" ನಂಬಿಕೆಯನ್ನು ನೋಡಿದನು ಅಂತಲೇ ಬರೆದಿದೆ. ಎಷ್ಟು ಸಲ ಕೇಳಿದ ಕಥೆ. ಹಾಸಿಗೆಯಲ್ಲಿ ಮಲಗಿಕೊಂಡಾಗಲೇ ನನಗೆ ಅರ್ಥವಾಗಿದ್ದು.

ಬೆಟಗೇರಿಯ ಆಂಟಿ ಈ ದಾರಿಯಲ್ಲಿ ನನಗಿಂತ ಮೊದಲು ನಡೆದವರು. ಬಾಯಿ ಹುಣ್ಣಾದರೆ ಉಪ್ಪು, ಅಡುಗೆ ಸೋಡಾ ಹಾಕಿದ ನೀರಲ್ಲಿ ಮುಕ್ಕಳಿಸು, ರಾಗಿ ಗಂಜಿ ತಣ್ಣಗಾದ ಮೇಲೆ ಕುಡಿ, ಸ್ಟೀಲ್ ಚಮಚ ಬಿಟ್ಟು ಮರದ್ದು ತಗೋ ಅಂತ ಹೇಳಿಕೊಟ್ಟರು. "ಮೂರನೇ ದಿನ ಭಾಳ ಸುಸ್ತು ಆಗ್ತದ, ಹೆದರಬ್ಯಾಡ, ಏಳ್ತಿ" ಅಂತ ಪ್ರತಿ ಕೀಮೊ ಆದ ಸಂಜೆ ಹೇಳಿದವರು ಅವರೇ.

ಮಂಗಳೂರಿನ ಕ್ಯಾಥೊಲಿಕ್ ಗೆಳತಿ ಕಳಿಸಿದ ಲಕೋಟೆಯನ್ನು ಹೇಗೆ ಮರೆಯಲಿ? ಸೆಪ್ಟೆಂಬರ್ 8 ಅವರಿಗೆ ಮೊಂತಿ ಫೆಸ್ತ್, ಮಾತೆ ಮರಿಯಳ ಹುಟ್ಟಿದ ದಿನದ, ಹೊಸ ತೆನೆಯ ಹಬ್ಬ. ಚರ್ಚ್‌ನಲ್ಲಿ ಆಶೀರ್ವದಿಸಿ ಕೊಟ್ಟ ಹೊಸ ತೆನೆಯ ಕಾಳು ಬಿಡಿಸಿ, ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಒಟ್ಟಿಗೆ ಕೂತು ತಿನ್ನುತ್ತಾರೆ. ದೂರದ ಊರಿನಲ್ಲಿರುವ ಮಕ್ಕಳಿಗೆ ಪೋಸ್ಟಿನಲ್ಲಿ ಕಳಿಸುತ್ತಾರೆ. ಆ ಸಲ ಒಂದು ಲಕೋಟೆ ನಮ್ಮ ಸಿಎಸ್‌ಐ ಮನೆಗೂ ಬಂತು. ಪೇಪರಿನಲ್ಲಿ ಮಡಿಸಿಟ್ಟ ಪುಟ್ಟ ತೆನೆ, ಜೊತೆಗೊಂದು ಚೀಟಿ: "ಮನೆಯವರ ಲೆಕ್ಕದಲ್ಲಿ ನಿನ್ನದೂ ಒಂದು." ಹಸಿಯದು ಏನೂ ತಿನ್ನಬಾರದು ಅಂತ ಹೇಳಿದ್ದರಿಂದ ಅಮ್ಮ ಕಾಳನ್ನು ಗಂಜಿಗೆ ಹಾಕಿ ಚೆನ್ನಾಗಿ ಕುದಿಸಿದರು. ನಾಲಿಗೆಗೆ ಆಗ ಯಾವ ರುಚಿಯೂ ಇರಲಿಲ್ಲ. ಆದರೂ ಬಟ್ಟಲು ಖಾಲಿ ಮಾಡಿದೆ. ಎರಡು ಕಾಳು ಈಗಲೂ ನನ್ನ ಬೈಬಲ್‌ನೊಳಗಿವೆ.

ಮೊನ್ನೆ ಮಾರ್ಚ್ 7 ವಿಶ್ವ ಪ್ರಾರ್ಥನಾ ದಿನ. ಪ್ರತಿ ವರ್ಷ ಒಂದೊಂದು ದೇಶದ ಸ್ತ್ರೀಯರು ಅದರ ಆರಾಧನೆಯನ್ನು ಸಿದ್ಧಮಾಡುತ್ತಾರೆ; ಈ ಸಲ, 2025ರಲ್ಲಿ, ಸಿದ್ಧಮಾಡಿದವರು ಪೆಸಿಫಿಕ್ ಸಾಗರದ ಕುಕ್ ದ್ವೀಪಗಳ ಸ್ತ್ರೀಯರು. ಅವರು ಆರಿಸಿಕೊಂಡದ್ದು 139ನೇ ಕೀರ್ತನೆ. ನಮ್ಮ ಚರ್ಚ್‌ನಲ್ಲಿ ಅದನ್ನು ಓದುವ ಕೆಲಸ ನನಗೆ ಬಂತು. ದೇವರು ನನ್ನನ್ನು ಅದ್ಭುತವಾಗಿ ಉಂಟುಮಾಡಿದ್ದಾನೆ ಅನ್ನುವ 14ನೇ ವಚನ. ಒಂದು ಸ್ತನ ತೆಗೆಸಿಕೊಂಡ, ಅರ್ಧ ಇಂಚು ಕೂದಲಿನ ಹೆಂಗಸು ಅದನ್ನು ಎಲ್ಲರೆದುರು ನಿಂತು ಓದುವುದು ಸುಲಭವಲ್ಲ. ಗಂಟಲು ಕಟ್ಟಿತು. ಸ್ವಲ್ಪ ನಿಂತು, ಓದಿದೆ.

ತಲೆ ಎತ್ತಿದರೆ ಹಿಂದಿನ ಬೆಂಚಿನಲ್ಲಿ ಬೆಟಗೇರಿಯ ಆಂಟಿ! ಯಾರಿಗೂ ಹೇಳದೆ ರಾತ್ರಿ ರೈಲು ಹತ್ತಿ ಬಂದಿದ್ದರು. ಐದು ವರ್ಷದ ಪರಿಚಯ, ಎದುರಿಗೆ ನೋಡಿದ್ದು ಅವತ್ತೇ ಮೊದಲು. ಆರಾಧನೆ ಮುಗಿದ ಮೇಲೆ ಹತ್ತಿರ ಬಂದು ನನ್ನ ತಲೆ ಮೇಲಿನ ಸೆರಗು ಸರಿಸಿ, ಮೋಟು ಕೂದಲ ಮೇಲೆ ಕೈಯಾಡಿಸಿದರು. "ಮೊದಲಿಗಿಂತ ದಟ್ಟ ಬರ್ತಾವ ನೋಡು" ಅಂದರು. ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆವು.

ನನ್ನ ಗಂಡ, ಅಮ್ಮ ಪಟ್ಟ ಕಷ್ಟ ನಿಮಗೆ ಗೊತ್ತೇ ಇದೆ. ಅವರಿಗಾಗಿಯೂ ನೀವು ಹೆಸರು ಹಿಡಿದು ಪ್ರಾರ್ಥಿಸಿದಿರಿ. ಅದಕ್ಕೂ ವಂದನೆ.

ಇವತ್ತು ರಾತ್ರಿ 9ಕ್ಕೆ ಬರುತ್ತೇನೆ. ಮ್ಯೂಟ್ ತೆಗೆದು. ಕೀರ್ತನೆ ನಾನೇ ಓದುತ್ತೇನೆ.